ಕಡಬದ ತಾಮ್ರಶಾಸನವೂ ಲಿಂಗವಂತರ ಶನಿಭಯವೂ

ಗುಬ್ಬಿ ತಾಲ್ಲೂಕಿನ ಕಡಬದಲ್ಲಿ ದೊರೆತ ರಾಷ್ಟ್ರಕೂಟ ಮುಮ್ಮಡಿ ಗೋವಿಂದನ ತಾಮ್ರಶಾಸನವು ಇತಿಹಾಸಜ್ಞರಿಗೆ ಸುಪರಿಚಿತವಾದುದು. ಶಕವರ್ಷ 735ರ ತೇದಿಯುಳ್ಳ ಈ ಶಾಸನದ ವಿಷಯ ಜೈನ ಬಸದಿಯೊಂದಕ್ಕೆ ಜಾಲಮಂಗಲವೆಂಬ ಗ್ರಾಮದ ದಾನ. ದಾನಕ್ಕೆ ಕೊಟ್ಟಿರುವ ಕಾರಣವನ್ನು ಇಂದಿನ ಭಕ್ತರೂ ಗಮನಿಸತಕ್ಕದ್ದು. ಕುನುಂಗಿಲ್ ದೇಶವನ್ನು, ಎಂದರೆ ಇಂದಿನ ಕುಣಿಗಲ್ ಸೀಮೆಯನ್ನು, ಆಳುತ್ತಿದ್ದ ವಿಮಲಾದಿತ್ಯನಿಗೆ ಶನಿಪೀಡೆಯಿತ್ತೆಂದೂ ಅರ್ಕಕೀರ್ತಿ ಎಂಬ ಮುನಿಯು ಅದನ್ನು ಪರಿಹರಿಸಿದನೆಂದೂ ಅದಕ್ಕಾಗಿ ಈ ಗ್ರಾಮವು ಸಂದಿತೆಂದೂ ಶಾಸನವು ಹೇಳುತ್ತದೆ.

ಶನಿಗೆ ಹೆದರಿ ಊರನ್ನೇ ಧಾರೆಯೆರೆದ ಆ ಕಾಲದವರನ್ನು ಹಳಿಯಬೇಕಾಗಿಲ್ಲ. ಬಸವಾದಿ ಶರಣರು ಬರಲು ಇನ್ನೂ ಮೂರೂವರೆ ಶತಮಾನಗಳಿದ್ದವು. ಆಕ್ಷೇಪಾರ್ಹವಾದುದು, ಶರಣರು ಬಂದುಹೋದ ಎಂಟೂವರೆ ಶತಮಾನಗಳ ಮೇಲೆ, ಎದೆಯ ಮೇಲೆ ಇಷ್ಟಲಿಂಗವನ್ನು ಧರಿಸಿದವರೇ ಶನಿವಾರ ಎಳ್ಳೆಣ್ಣೆಯ ದೀಪ ಹಚ್ಚಲು ಸಾಲುಗಟ್ಟಿ ನಿಲ್ಲುವುದು.

ಸಾಡೇಸಾತಿಯ ಲೆಕ್ಕವನ್ನೇ ನೋಡಬಹುದು. ಶನಿಗ್ರಹವು ಸೂರ್ಯನನ್ನು ಒಮ್ಮೆ ಸುತ್ತಲು ಸುಮಾರು 29½ ವರ್ಷ ಬೇಕು; ಒಂದೊಂದು ರಾಶಿಯಲ್ಲಿ ಸುಮಾರು ಎರಡೂವರೆ ವರ್ಷ. ಜನ್ಮರಾಶಿ, ಅದರ ಹಿಂದಿನದು, ಮುಂದಿನದು ಎಂದು ಮೂರು ರಾಶಿಗಳಿಗೆ ಏಳೂವರೆ ವರ್ಷದ ಕಾಟ. ಹನ್ನೆರಡರಲ್ಲಿ ಮೂರು ಎಂದರೆ ಯಾವ ದಿನ ಎಣಿಸಿದರೂ ಜನರಲ್ಲಿ ಸುಮಾರು ಕಾಲುಭಾಗ ಶನಿಯ ಕೈಯಲ್ಲಿರುತ್ತಾರೆ. ಅಷ್ಟಮ, ಅರ್ಧಾಷ್ಟಮಗಳನ್ನೂ ಸೇರಿಸಿದರೆ ಹನ್ನೆರಡರಲ್ಲಿ ಐದು! ಕಡಬದ ಕೆರೆ ಕೋಡಿ ಬಿದ್ದ ವರ್ಷವೂ ಅಷ್ಟೇ ಜನ, ಬತ್ತಿದ ವರ್ಷವೂ ಅಷ್ಟೇ ಜನ. ಸುಖದುಃಖಗಳೊಡನೆ ಏರಿಳಿಯದ ಈ ಲೆಕ್ಕವು ಸುಖದುಃಖಗಳಿಗೆ ಕಾರಣ ಹೇಗಾದೀತು?

ಶಾಸನದ ದಾನವು ಇನ್ನೊಂದು ಪ್ರಶ್ನೆಯನ್ನೂ ಎತ್ತುತ್ತದೆ. ವಿಮಲಾದಿತ್ಯನ ಪೀಡೆ ತಪ್ಪಿಸಲಾಗದ ವಿಧಿಯಾಗಿದ್ದರೆ ಜಾಲಮಂಗಲವನ್ನು ಕೊಟ್ಟದ್ದು ವ್ಯರ್ಥ. ಪರಿಹಾರಕ್ಕೆ ಬಗ್ಗುವಂಥದಾಗಿದ್ದರೆ ಅದು ವಿಧಿಯೇ ಅಲ್ಲ. ಇಂದು ಶಾಂತಿಗೆ ದಕ್ಷಿಣೆ ನಿಗದಿ ಮಾಡುವವರು ಇವೆರಡನ್ನೂ ಒಟ್ಟಿಗೇ ಹೇಳುತ್ತಾರೆ: ಮೊದಲು ತಪ್ಪದು ಎಂದು ಹೆದರಿಸಿ, ಆಮೇಲೆ ತಪ್ಪಿಸುತ್ತೇವೆ ಎನ್ನುತ್ತಾರೆ.

ಲಿಂಗದೀಕ್ಷೆಯಿಂದ ಪೂರ್ವಾಶ್ರಯ ಅಳಿಯಿತೆಂಬುದು ಲಿಂಗವಂತರ ಮೂಲಭೂತ ನಂಬಿಕೆ. ಜನನ, ಪ್ರೇತ, ರಜಸ್ಸು, ಎಂಜಲು, ಜಾತಿ ಎಂಬ ಪಂಚಸೂತಕಗಳು ಭಕ್ತನಿಗಿಲ್ಲ. ಹುಟ್ಟಿದ ಸೂತಕವೇ ಇಲ್ಲದವನಿಗೆ ಹುಟ್ಟಿದ ಗಳಿಗೆಯ ದೋಷ ಎಲ್ಲಿಂದ ಬಂತು? ಬಸವಣ್ಣನವರಂತೂ ಲಗ್ನ, ರಾಶಿಕೂಟ, ತಾರಾಬಲ ಕೇಳಿ ಬಂದವರಿಗೆ ಏನು ಉತ್ತರ ಕೊಡಬೇಕೆಂದು ಒಂದು ವಚನದಲ್ಲಿ ತಿಳಿಸಿಯೇ ಇದ್ದಾರೆ. ಆ ವಚನವನ್ನು ಕಂಠಪಾಠ ಒಪ್ಪಿಸುವ ಮನೆಯಲ್ಲೇ ಮೂಲಾ ನಕ್ಷತ್ರದ ಹೆಣ್ಣು ಮಾವನಿಗೆ ಕೇಡೆಂದೂ ಆಶ್ಲೇಷಾ ಅತ್ತೆಗೆ ಕೇಡೆಂದೂ ಜಾತಕ ಹಿಂದಿರುಗಿಸುತ್ತಾರೆ. ಓದಿ, ದುಡಿದು, ತಂದೆತಾಯಿಗಳನ್ನು ನೋಡಿಕೊಂಡ ಮಗಳ ಗುಣವನ್ನು ಯಾರೂ ವಿಚಾರಿಸುವುದಿಲ್ಲ. ಮೂವತ್ತು ವರ್ಷದ ಹಿಂದೆ ಚಂದ್ರನು ಎಲ್ಲಿದ್ದನೆಂದು ವಿಚಾರಿಸುತ್ತಾರೆ. ಇದು ಭಕ್ತಿಯಲ್ಲ, ಕ್ರೌರ್ಯ.

ಕಲ್ಯಾಣದಲ್ಲಿ ಹರಳಯ್ಯ ಮಧುವರಸರು ಬೀಗರಾದಾಗ ಕೂಟ ನೋಡಲಿಲ್ಲ, ಅದಕ್ಕೇ ಅನಾಹುತವಾಯಿತೆಂದು ಕೆಲವರು ಪಿಸುಗುಟ್ಟುವುದುಂಟು. ಅವರನ್ನು ಕೊಂದದ್ದು ಗ್ರಹವಲ್ಲ, ಜಾತಿಯ ಅಹಂಕಾರ. ಕೊಂದವರ ತಪ್ಪನ್ನು ಆಕಾಶದ ಮೇಲೆ ಹೊರಿಸುವವರು ಶರಣರಿಗೆ ಎರಡನೆಯ ಸಲ ಅನ್ಯಾಯ ಮಾಡುತ್ತಾರೆ.

ಎಲ್ಲವೂ ಮನುಷ್ಯನ ಕೈಯಲ್ಲಿದೆಯೆಂದು ಶರಣರು ಹೇಳಲಿಲ್ಲ. ಮಳೆ, ರೋಗ, ಮರಣಗಳು ಯಾರ ಅಪ್ಪಣೆಗೂ ಕಾಯುವುದಿಲ್ಲ. ಬಂದದ್ದನ್ನು ಶಿವಪ್ರಸಾದವೆಂದು ಸ್ವೀಕರಿಸುವುದು ಬೇರೆ, ಶಿವನಿಗೂ ಭಕ್ತನಿಗೂ ನಡುವೆ ಒಂಬತ್ತು ದಲ್ಲಾಳಿಗಳನ್ನು ಕೂರಿಸುವುದು ಬೇರೆ. ನಕ್ಷತ್ರ ಎಣಿಸುವುದೇ ತಪ್ಪೆಂದೂ ಅಲ್ಲ. ರೋಹಿಣಿ, ಮೃಗಶಿರ, ಆರಿದ್ರ ಎಂದು ಹದಿಮೂರು ಹದಿನಾಲ್ಕು ದಿನಗಳ ಮಳೆಗಳನ್ನು ಎಣಿಸಿ ಬಿತ್ತುವ ರೈತ ಸೂರ್ಯನ ನಡೆಯನ್ನು ಓದುತ್ತಾನೆ. ಅವನು ಕಾಲವನ್ನು ಕಾಯಕಕ್ಕೆ ಹೂಡುತ್ತಾನೆ. ಬುಧವಾರ ಹನ್ನೆರಡರಿಂದ ಒಂದೂವರೆ ರಾಹುಕಾಲವೆಂದು ಅದೇ ರೈತ ಎದೆನೋವು ಬಂದ ತಂದೆಯನ್ನು ಮನೆಯಲ್ಲೇ ಕೂರಿಸಿಕೊಂಡರೆ ಕಾಲವೇ ಅವನನ್ನು ಹೂಡಿತು. ರಾಹುವೆಂದರೆ ಚಂದ್ರನ ದಾರಿಯೂ ಸೂರ್ಯನ ದಾರಿಯೂ ಕೂಡುವ ಬಿಂದು. ಅಲ್ಲಿ ಕಲ್ಲೂ ಇಲ್ಲ, ಮಣ್ಣೂ ಇಲ್ಲ.

ಲಗ್ನಪತ್ರಿಕೆಗಳ ತಲೆಯ ಮೇಲೆ ಬಸವಣ್ಣನವರ ಭಾವಚಿತ್ರ, ಕೆಳಗೆ ಇಂಥ ಲಗ್ನ, ಇಂಥ ನವಾಂಶ! ಮಠಗಳ ಆಹ್ವಾನಪತ್ರಿಕೆಗಳೂ ಇದಕ್ಕೆ ಹೊರತಲ್ಲವೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಬರುವ ಮದುವೆಗಳಿಂದಾದರೂ ಕಡಬ, ಗುಬ್ಬಿ, ಕುಣಿಗಲ್ಲಿನ ಭಕ್ತರು ತಾರೀಖು, ಗಂಟೆ, ಸ್ಥಳ ಇಷ್ಟನ್ನೇ ಅಚ್ಚು ಹಾಕಿಸಲಿ. ಭಾನುವಾರ ನೆಂಟರಿಗೆ ರಜೆ ಇರುತ್ತದೆಂಬ ಕಾರಣ ಸಾಲದೆ?