ಹವಳದ ದಿಬ್ಬವನ್ನು ಕಿತ್ತು ನೆಡಬಹುದೇ?

ಮಳೆಕಾಡನ್ನು ಕಡಿದು, ಬೇರೆಲ್ಲೋ ಅಕೇಶಿಯಾ ನೆಟ್ಟು, ಕಾಡಿಗೆ ಕಾಡು ಕೊಟ್ಟೆವೆನ್ನುವ ಲೆಕ್ಕಾಚಾರ ಮಲೆನಾಡಿಗರಿಗೆ ಹೊಸದಲ್ಲ. ಅದೇ ಲೆಕ್ಕ ಈಗ ಸಮುದ್ರಕ್ಕೂ ಇಳಿದಿದೆ. ಗ್ರೇಟ್ ನಿಕೋಬಾರ್ ದ್ವೀಪದ ಗಲಾಥಿಯಾ ಕೊಲ್ಲಿಯಲ್ಲಿ ಭಾರಿ ಬಂದರನ್ನು ಕಟ್ಟುವ ಯೋಜನೆಗೆ 2022ರಲ್ಲಿ ಪರಿಸರ ಅನುಮತಿ ದೊರೆಯಿತು. ಅಲ್ಲಿರುವ 20,668 ಹವಳದ ಸಮೂಹಗಳ ಪೈಕಿ 16,150ನ್ನು ಬೇರೆಡೆಗೆ ಸ್ಥಳಾಂತರಿಸಲಾಗುವುದೆಂದು ಸರ್ಕಾರ ಹೇಳಿದೆ. ಅಲ್ಲಿ ಕಡಿಯುವ ಕಾಡಿಗೆ ಪರಿಹಾರವಾಗಿ ಗಿಡ ನೆಡಲು ಗೊತ್ತುಮಾಡಿದ್ದು ದೂರದ ಹರಿಯಾಣವನ್ನು! ಈ ಮಾತು ಎಷ್ಟು ಪೊಳ್ಳೆಂಬುದನ್ನು ತಿಳಿಯಲು ಹವಳದ ದಿಬ್ಬ ಹುಟ್ಟುವ ಬಗೆಯನ್ನು ಅರಿತರೆ ಸಾಕು.

ಹವಳವು ಕಲ್ಲೂ ಅಲ್ಲ, ಗಿಡವೂ ಅಲ್ಲ, ಅದು ಪ್ರಾಣಿ. ಪಾಲಿಪ್ ಎಂಬ ಈ ಪುಟ್ಟ ಜೀವಿ ತನ್ನ ಸುತ್ತ ಸುಣ್ಣದ ಗೂಡು ಕಟ್ಟಿಕೊಳ್ಳುತ್ತದೆ. ಅದರ ಒಡಲಲ್ಲಿ ನೆಲೆಸಿದ ಸೂಕ್ಷ್ಮ ಪಾಚಿ ಬಿಸಿಲಿನಿಂದ ಆಹಾರ ತಯಾರಿಸಿ ಅದಕ್ಕೂ ಉಣಿಸುತ್ತದೆ. ಆದ್ದರಿಂದಲೇ ದಿಬ್ಬ ಕಟ್ಟುವ ಹವಳಕ್ಕೆ ಬೆಚ್ಚಗಿನ, ಆಳವಿಲ್ಲದ ತಿಳಿನೀರು ಬೇಕು. ಹೂಳು ಅದಕ್ಕೆ ಮೃತ್ಯು. ಸತ್ತವರ ಗೂಡಿನ ಮೇಲೆ ಬದುಕಿರುವವು ಗೂಡು ಕಟ್ಟುತ್ತ ಹೋಗಿ ದಿಬ್ಬ ಏಳುತ್ತದೆ. ಗುಂಡು ಹವಳಗಳು ವರ್ಷಕ್ಕೆ ಬೆಳೆಯುವುದು ಸುಮಾರು 1 ಸೆಂಟಿಮೀಟರ್ ಮಾತ್ರ.

ದಿಬ್ಬಗಳಲ್ಲಿ ಮುಖ್ಯವಾಗಿ ಮೂರು ಬಗೆ. ದಡಕ್ಕೆ ಅಂಟಿಕೊಂಡು ಬೆಳೆಯುವುದು ಅಂಚಿನ ದಿಬ್ಬ; ಮನ್ನಾರ್ ಖಾರಿಯಲ್ಲಿಯೂ ನಿಕೋಬಾರಿನಲ್ಲಿಯೂ ಇರುವುದು ಇದೇ. ದಡದಿಂದ ದೂರವಿದ್ದು ನಡುವೆ ಹಿನ್ನೀರನ್ನು ಉಳಿಸಿಕೊಂಡದ್ದು ತಡೆ ದಿಬ್ಬ. ಆಸ್ಟ್ರೇಲಿಯಾದ ತಡೆ ದಿಬ್ಬ 2,300 ಕಿಲೋಮೀಟರ್ ಉದ್ದವಿದೆ. ಹಿನ್ನೀರನ್ನು ಬಳೆಯಂತೆ ಸುತ್ತುವರಿದದ್ದು ಅಟಾಲ್. ಲಕ್ಷದ್ವೀಪದಲ್ಲಿ ಇವು ಹನ್ನೆರಡಿವೆ.

ಇವು ಒಂದೇ ಕತೆಯ ಮೂರು ಘಟ್ಟಗಳೆಂದು ಚಾರ್ಲ್ಸ್ ಡಾರ್ವಿನ್ 1842ರಲ್ಲಿ ವಾದಿಸಿದರು. ಜ್ವಾಲಾಮುಖಿ ದ್ವೀಪದ ಅಂಚಿನಲ್ಲಿ ದಿಬ್ಬ ಹುಟ್ಟುತ್ತದೆ. ದ್ವೀಪ ನಿಧಾನವಾಗಿ ಕುಸಿದಂತೆ ಹವಳ ಮೇಲೇರುತ್ತ ತಡೆ ದಿಬ್ಬವಾಗುತ್ತದೆ. ಕೊನೆಗೆ ದ್ವೀಪ ಮುಳುಗಿ ಹವಳದ ಬಳೆಯೊಂದೇ ಉಳಿಯುತ್ತದೆ. 1952ರಲ್ಲಿ ಶಾಂತಸಾಗರದ ಎನಿವೆಟಾಕ್ ಅಟಾಲಿನಲ್ಲಿ ಕೊರೆದಾಗ 1,200 ಮೀಟರಿಗೂ ಹೆಚ್ಚು ದಪ್ಪದ ಹವಳದ ಸುಣ್ಣಗಲ್ಲಿನ ಕೆಳಗೆ ಜ್ವಾಲಾಮುಖಿಯ ಶಿಲೆ ಸಿಕ್ಕಿತು. ಅದು ಕೋಟ್ಯಂತರ ವರ್ಷಗಳ ದುಡಿಮೆ.

ಹವಳದ ತುಣುಕನ್ನು ನೆಟ್ಟು ಬೆಳೆಸಬಹುದೆಂಬುದು ನಿಜ. ಹಾಳಾದ ದಿಬ್ಬ ಚೇತರಿಸಿಕೊಳ್ಳಲು ಅದು ನೆರವಾದೀತು. ಆದರೆ ಜೀವಂತ ದಿಬ್ಬವನ್ನು ಕೆಡವಲು ಅದನ್ನೇ ಪರವಾನಗಿ ಮಾಡಿಕೊಳ್ಳುವುದು ವಿಜ್ಞಾನವಲ್ಲ, ವಂಚನೆ. ಹೊಸ ಜಾಗ ಹವಳಕ್ಕೆ ಒಗ್ಗುವಂಥದ್ದಾದರೆ ಅಲ್ಲಿ ಈಗಾಗಲೇ ಹವಳವೇಕಿಲ್ಲ? ಇದ್ದರೆ ಹೊಸಬರಿಗೆ ಎಡೆಯೆಲ್ಲಿ? ಎಣಿಸಿ ಸಾಗಿಸಬಹುದಾದದ್ದು ಸಮೂಹಗಳನ್ನು. ದಿಬ್ಬವನ್ನಲ್ಲ, ಅದರ ಬಿಲಗಳಲ್ಲಿ ಬಾಳುವ ಮೀನು, ಏಡಿಗಳ ಲೋಕವನ್ನಲ್ಲ. ಮೇಲಾಗಿ ಕಡಲು ಬಿಸಿಯೇರಿ ಹವಳ ಬಿಳಿಚಿಕೊಳ್ಳುವ ಪಿಡುಗು 1998, 2010, 2016 ಮತ್ತು 2024ರಲ್ಲಿ ಭಾರತದ ದಿಬ್ಬಗಳನ್ನು ಬಾಧಿಸಿದೆ. ರೋಗಿಯನ್ನು ಹಾಸಿಗೆಯಿಂದೆಳೆದು ಬೀದಿಗೆ ಹಾಕುವುದು ಚಿಕಿತ್ಸೆಯೇ?

ಕಡಲಿನ ಸಂಗತಿ ಬೆಟ್ಟದವರಿಗೇಕೆ ಎನ್ನಬೇಡಿ. ಮುರ್ಡೇಶ್ವರದ ಎದುರಿನ ನೇತ್ರಾಣಿಯಲ್ಲಿಯೂ ಹವಳವಿದೆ. ಘಟ್ಟದಲ್ಲಿ ಕೊರೆದ ಮಣ್ಣು ಹೊಳೆಯ ಮೂಲಕ ಸೇರುವುದು ಅದೇ ಕಡಲನ್ನು. ಕಾಡನ್ನು ಗಿಡಗಳ ಸಂಖ್ಯೆಯಿಂದಲೂ ದಿಬ್ಬವನ್ನು ಸಮೂಹಗಳ ಸಂಖ್ಯೆಯಿಂದಲೂ ಅಳೆಯುವ ಕೈ ಒಂದೇ. ಆ ಅಳತೆಗೋಲನ್ನು ನಿಕೋಬಾರಿನಲ್ಲಿ ಒಪ್ಪಿಕೊಂಡವರು ನಾಳೆ ತಮ್ಮೂರಿನ ಕಾನಿನ ಪರವಾಗಿ ಯಾವ ಬಾಯಿಂದ ಮಾತನಾಡುವರು?