ವಿಮೆ ಬೇರೆ, ಉಳಿತಾಯ ಬೇರೆ ಇರಲಿ

ಊರು ಬಿಟ್ಟು ಬಂದವರ ಬಾಡಿಗೆ ಮನೆಗೆ ಹಾಲಿನವನ ಹಿಂದೆಯೇ ಬರುವವರು ವಿಮಾ ಏಜೆಂಟರು. ಮೊದಲು ವಿಜಯವಾಡ, ಈಗ ವಿಶಾಖಪಟ್ಟಣ ಎಂದು ಹತ್ತು ವರ್ಷದಿಂದ ಆಂಧ್ರದಲ್ಲಿ ಎಂಜಿನಿಯರ್ ಆಗಿರುವ ನನಗೆ ಇದು ಚೆನ್ನಾಗಿ ಗೊತ್ತು. ‘ಸತ್ತರೆ ಮನೆಯವರಿಗೆ ದುಡ್ಡು, ಬದುಕಿದ್ದರೆ ನಿಮಗೇ ವಾಪಸ್’ ಎಂಬ ಮಾತು ತೆಲುಗಿನಲ್ಲಿ ಕೇಳಿದರೂ ಕನ್ನಡದಲ್ಲಿ ಕೇಳಿದರೂ ಹಿತವೇ. ಆದರೆ ವಿಮೆ ಮತ್ತು ಹೂಡಿಕೆಯನ್ನು ಒಂದೇ ಪಾಲಿಸಿಯಲ್ಲಿ ಗಂಟುಹಾಕುವುದು ನಮ್ಮಂಥವರಿಗೆ ಹೊಂದದು ಎಂಬುದು ನನ್ನ ಅಭಿಪ್ರಾಯ.

ಈ ಒಲವಿಗೆ ಕಾರಣವಿದೆ, ನಿಜ. ಕರ್ನಾಟಕದ ಸರ್ಕಾರಿ ನೌಕರರ ಸಂಬಳದಲ್ಲಿ ಕೆಜಿಐಡಿ ಕಂತು ಮುರಿದು, ಕೊನೆಗೆ ಬೋನಸ್ ಸಮೇತ ಕೈಸೇರುವುದನ್ನು ನೋಡಿ ಬೆಳೆದವರು ನಾವು. ಇತ್ತ ವಿಜಯವಾಡದ ಅಗ್ರಿಗೋಲ್ಡ್‌ನಲ್ಲಿ ಹಣವಿಟ್ಟು ಕೈಸುಟ್ಟುಕೊಂಡ ಲಕ್ಷಾಂತರ ಜನರಲ್ಲಿ ಕರ್ನಾಟಕದವರೂ ಇದ್ದಾರೆ. ಅದನ್ನು ಕಂಡವರು ವಿಮಾ ಕಂಪನಿಯೇ ಭದ್ರ ಎನ್ನುವುದು ಸಹಜ. ಆದರೆ ಭದ್ರತೆಯೇ ಬೇಕಿದ್ದರೆ ಅಂಚೆ ಕಚೇರಿಯಲ್ಲಿ ಪಿಪಿಎಫ್ ಇದೆಯಲ್ಲ?

ಒಂದು ಅಂದಾಜು ಲೆಕ್ಕ ನೋಡಿ. ವರ್ಷಕ್ಕೆ 50,000 ರೂಪಾಯಿಯಂತೆ 20 ವರ್ಷ ಎಂಡೋಮೆಂಟ್ ಪಾಲಿಸಿಗೆ ಕಟ್ಟುತ್ತೀರಿ; ವಿಮಾ ಮೊತ್ತ 10 ಲಕ್ಷ ಎಂದಿಟ್ಟುಕೊಳ್ಳಿ. ಆದಾಯ ಶೇ 5.5 ಎಂದು ಹಿಡಿದರೆ ಕೊನೆಗೆ ಸಿಗುವುದು ಸುಮಾರು 18.4 ಲಕ್ಷ. ಅದೇ ಹಣದಲ್ಲಿ 12,000 ರೂಪಾಯಿಗೆ ಒಂದು ಕೋಟಿಯ ಟರ್ಮ್ ವಿಮೆ ಮಾಡಿಸಿ, ಉಳಿದ 38,000 ರೂಪಾಯಿಯನ್ನು ಶೇ 7.1 ಬಡ್ಡಿಯ ಪಿಪಿಎಫ್‌ಗೆ ಹಾಕಿದರೆ ಸುಮಾರು 16.9 ಲಕ್ಷ. ಕೊನೆಯಲ್ಲಿ ಒಂದೂವರೆ ಲಕ್ಷ ಕಡಿಮೆ, ಒಪ್ಪುತ್ತೇನೆ. ಆದರೆ ಮೂರನೇ ವರ್ಷದಲ್ಲೇ ದುಡಿಯುವವರು ಹೋದರೆ? ಒಂದು ಕಡೆ 10 ಲಕ್ಷ ಮತ್ತು ಅಷ್ಟಿಷ್ಟು ಬೋನಸ್, ಇನ್ನೊಂದು ಕಡೆ ಒಂದು ಕೋಟಿ.

ಈ ವ್ಯತ್ಯಾಸ ಹೊರನಾಡಿನಲ್ಲಿ ಇನ್ನೂ ದೊಡ್ಡದು. ಇಲ್ಲಿ ನಮಗೆ ಸ್ವಂತ ಮನೆಯಿಲ್ಲ, ಅಣ್ಣತಮ್ಮಂದಿರು ಹತ್ತಿರವಿಲ್ಲ. ಮಕ್ಕಳನ್ನು ಶಾಲೆ ಬಿಡಿಸಿ, ಗಂಟುಮೂಟೆ ಕಟ್ಟಿ, ಊರಿನಲ್ಲಿ ಹೊಸದಾಗಿ ಬದುಕು ಹೂಡಲು 10 ಲಕ್ಷ ಎಷ್ಟು ದಿನಕ್ಕೆ ಸಾಕು?

ಕಂತಿನ ಭಾರವೂ ಇದೆ. 2024ರಲ್ಲಿ ವಿಶಾಖಪಟ್ಟಣ ಉಕ್ಕು ಕಾರ್ಖಾನೆಯ ನೌಕರರಿಗೆ ಸಂಬಳ ತಡವಾಗಿ, ಅರೆಬರೆಯಾಗಿ ಬಂತು. ಅಂಥ ಹೊತ್ತಿನಲ್ಲಿ 12,000 ಹೊಂದಿಸಬಹುದು, 50,000 ಕಷ್ಟ. ಪಿಪಿಎಫ್‌ಗಾದರೆ ಆ ವರ್ಷ 500 ರೂಪಾಯಿ ಕಟ್ಟಿದರೂ ಖಾತೆ ಉಳಿಯುತ್ತದೆ. ಪಾಲಿಸಿಯನ್ನು ನಡುವೆ ಬಿಟ್ಟರೆ ಕಟ್ಟಿದ್ದರಲ್ಲೇ ಕಡಿತ. 2024ರ ಅಕ್ಟೋಬರ್ 1ರಿಂದ ಸರೆಂಡರ್ ನಿಯಮ ಸುಧಾರಿಸಿದ್ದರೂ ನಷ್ಟ ತಪ್ಪಿಲ್ಲ.

ಹಾಗೆಂದು ಹಳೆಯ ಪಾಲಿಸಿಯನ್ನು ನಾಳೆಯೇ ಮುರಿಯಬೇಡಿ. ಅವಧಿ ಮುಗಿಯಲು ಎರಡು ಮೂರು ವರ್ಷವಷ್ಟೇ ಇದ್ದರೆ ಮುಂದುವರಿಸಿ. ಬಹಳ ವರ್ಷ ಬಾಕಿಯಿದ್ದರೆ ಕಂತು ನಿಲ್ಲಿಸಿ ‘ಪೇಡ್ ಅಪ್’ ಮಾಡಿಸಬಹುದೇ ಎಂದು ಶಾಖೆಯಲ್ಲಿ ವಿಚಾರಿಸಿ. ಮೊದಲು ಟರ್ಮ್ ವಿಮೆ ಕೈಗೆ ಬರಲಿ, ಆಮೇಲೆ ಹಳೆಯದರ ಮಾತು. ಪಾಲಿಸಿ ಎಲ್ಲಿದೆ, ನಾಮಿನಿ ಯಾರು ಎಂಬುದನ್ನು ಮನೆಯವರಿಗೂ ತಿಳಿಸಿ.