ಸೊಂಟ ಹಿಡಿದಾಗ ಬಲವಾದ ಮಾಲೀಸು: ಯಾರಿಗೆ ಒಳ್ಳೇದು, ಯಾರಿಗೆ ಬೇಡ?

ಈ ವಾರ ಬೆಳೆ ಬಿಟ್ಟು ಬೆನ್ನಿನ ಬಗ್ಗೆ ಮಾತಾಡೋಣ. ಔಷಧಿ ಹೊಡೆಯೋ ಕಾಲ ಬಂತು ಅಂದರೆ ನಮ್ಮ ಕಡೆ ಹುಡುಗರು ಕೇಳೋದು ಒಂದೇ: “ಅಣ್ಣಾ, ಸೊಂಟ ಹಿಡ್ಕೊಂಡಿದೆ. ಪೇಟೇಲಿ ಡೀಪ್ ಟಿಶ್ಯೂ ಮಸಾಜ್ ಅಂತ ಮಾಡ್ತಾರಂತೆ, ಮಾಡಿಸ್ಲಾ?” ಮೊಬೈಲಿನಲ್ಲಿ ವಿಡಿಯೊ ನೋಡಿ ತಮ್ಮನ ಕೈಲಿ ಮೊಣಕೈ ಹಾಕಿ ಒತ್ತಿಸಿಕೊಂಡವರೂ ಇದ್ದಾರೆ. ನನ್ನ ಅಭಿಪ್ರಾಯ ಇಷ್ಟೇ: ಸರಿಯಾದ ನೋವಿಗೆ ಸರಿಯಾದ ಕೈ ಸಿಕ್ಕರೆ ಆ ದುಡ್ಡು ದಂಡ ಅಲ್ಲ. ಆದರೆ “ಎಷ್ಟು ನೋವಾಗುತ್ತೋ ಅಷ್ಟು ಒಳ್ಳೇದು” ಅನ್ನೋ ನಂಬಿಕೆಯನ್ನ ಮಾತ್ರ ಬಿಡಬೇಕು.

ಮೊದಲು ನಮ್ಮ ಬೆನ್ನಿನ ಮೇಲೆ ಏನು ಕೂತಿದೆ ನೋಡಿ. 16 ಲೀಟರಿನ ಸ್ಪ್ರೇ ಕ್ಯಾನ್ ತುಂಬಿದರೆ ನೀರೇ 16 ಕೆಜಿ. ಕ್ಯಾನು, ಬ್ಯಾಟರಿ ಸೇರಿದರೆ 20 ಕೆಜಿ ದಾಟುತ್ತದೆ. ಫೈಬರ್ ದೋಟಿ ಹಿಡಿದು ಅಡಿಕೆಗೆ ಕೊಳೆ ಔಷಧಿ ಹೊಡೆಯೋರು ಗಂಟೆಗಟ್ಟಲೆ ಕತ್ತೆತ್ತಿಕೊಂಡೇ ಇರಬೇಕು. ನಾಟಿ ಮಾಡೋರು ಅದರ ಉಲ್ಟಾ, ದಿನವೆಲ್ಲಾ ಬಗ್ಗಿಯೇ ಇರ್ತಾರೆ. ಹೀಗೆ ಒಂದೇ ಭಂಗಿಯಲ್ಲಿ ಬಿಗಿ ಹಿಡಿದ ಸ್ನಾಯು ಸಂಜೆ ಆದರೂ ಸಡಿಲ ಬಿಡೋದಿಲ್ಲ. ಕೈಯಿಟ್ಟರೆ ಗಂಟು ಕಟ್ಟಿದ ಹಾಗೆ ಸಿಗುತ್ತೆ, ಒತ್ತಿದರೆ ಜೀವ ಹೋಗುತ್ತೆ.

ಬಲವಾದ ಮಾಲೀಸು ಈ ಬಿಗಿತಕ್ಕೆ. ಹೆಸರು ಇಂಗ್ಲಿಷಿನದಾದರೂ ವಿಷಯ ನಮಗೆ ಹೊಸದಲ್ಲ, ಗರಡಿ ಮನೆ ಪೈಲ್ವಾನರು ಸಾಮು ಮಾಡಿದ ಮೇಲೆ ತಿಕ್ಕಿಸಿಕೊಳ್ಳೋದು ಇದರ ಹತ್ತಿರದ ನೆಂಟನೇ. ತಿಳಿದವರು ಮೊದಲು ಹಗುರವಾಗಿ ನೀವಿ ಮೈ ಬಿಸಿ ಮಾಡ್ತಾರೆ. ಆಮೇಲೆ ಬೆರಳ ಗೆಣ್ಣು, ಮುಂಗೈ, ಕೆಲವೊಮ್ಮೆ ಮೊಣಕೈ ಬಳಸಿ ಸ್ನಾಯುವಿನ ಉದ್ದಕ್ಕೂ ಅಡ್ಡಕ್ಕೂ ಬಹಳ ನಿಧಾನವಾಗಿ ಒತ್ತುತ್ತಾ ಹೋಗ್ತಾರೆ. ಬಿಗಿ ಸಿಕ್ಕ ಕಡೆ ನಿಂತು, ಅದು ಬಿಡೋವರೆಗೂ ಕಾಯ್ತಾರೆ. ಎಣ್ಣೆ ಸ್ವಲ್ಪವೇ ಹಾಕ್ತಾರೆ, ಜಾಸ್ತಿಯಾದರೆ ಕೈ ಜಾರುತ್ತೆ. ಅವಸರವಾಗಿ ಗುದ್ದೋದು, ಬಡಿಯೋದು ಇದರಲ್ಲಿ ಇಲ್ಲ.

ಗಂಟು ಒಡೆಯುತ್ತೆ, ಮೈಯೊಳಗಿನ ವಿಷ ಹೊರಗೆ ಹೋಗುತ್ತೆ, ಲ್ಯಾಕ್ಟಿಕ್ ಆಸಿಡ್ ಹಿಂಡಿ ತೆಗೀತಾರೆ ಅಂತೆಲ್ಲ ಹೇಳೋದನ್ನ ನಂಬಬೇಡಿ. ಕೆಲಸ ನಿಲ್ಲಿಸಿದ ಒಂದೆರಡು ಗಂಟೆಯೊಳಗೆ ಲ್ಯಾಕ್ಟಿಕ್ ಆಸಿಡ್ಡನ್ನು ದೇಹವೇ ಖಾಲಿ ಮಾಡಿಕೊಳ್ಳುತ್ತದೆ, ಅದಕ್ಕೆ ಯಾರ ಕೈಯೂ ಬೇಡ. ಆಗೋದು ಮುಖ್ಯವಾಗಿ ನರಗಳ ಮಟ್ಟದಲ್ಲಿ. ನಿಧಾನವಾದ, ಒಂದೇ ಸಮನಾದ ಒತ್ತಡ ಚರ್ಮ ಮತ್ತು ಸ್ನಾಯುವಿನ ನರಗಳ ಮೂಲಕ ಮಿದುಳಿಗೆ ತಲುಪಿದಾಗ ನೋವಿನ ಗಂಟೆ ಬಾರಿಸೋದು ಕಡಿಮೆಯಾಗುತ್ತೆ, ಬಿಗಿ ಸಡಿಲುತ್ತೆ, ನಿದ್ದೆ ಬರುತ್ತೆ. ಅದಕ್ಕೇ ಈ ಆರಾಮ ಶಾಶ್ವತ ಅಲ್ಲ. ಕೆಲವು ದಿನ ಸಿಕ್ಕಿತು ಅಂದುಕೊಳ್ಳಿ. ಆ ದಿನಗಳಲ್ಲಿ ನಡೆದಾಡಿ, ಸೊಂಟ ಹೊಟ್ಟೆ ಗಟ್ಟಿಯಾಗೋ ವ್ಯಾಯಾಮ ಮಾಡಿಕೊಂಡವರಿಗೆ ಲಾಭ. ಮಾರನೇ ದಿನವೇ ಮತ್ತೆ ತುಂಬಿದ ಕ್ಯಾನ್ ಹೊತ್ತವರು ಹದಿನೈದು ದಿನಕ್ಕೆ ಮತ್ತೆ ಅದೇ ಮಂಚದ ಮೇಲೆ ಮಲಗಿರ್ತಾರೆ.

ಯಾರಿಗೆ ಒಳ್ಳೇದು? ಕೆಲಸದಿಂದ ಸೊಂಟ, ಕುತ್ತಿಗೆ, ಭುಜ ವಾರಗಟ್ಟಲೆ ಬಿಗಿ ಹಿಡಿದಿದ್ದು, ನೋವು ಅಲ್ಲಲ್ಲೇ ಇದ್ದು, ಓಡಾಡಿದರೆ ಸ್ವಲ್ಪ ಹಗುರ ಅನ್ನಿಸೋರಿಗೆ.

ಯಾರಿಗೆ ಬೇಡ ಅನ್ನೋದನ್ನ ಗಮನವಿಟ್ಟು ಓದಿ. ನೋವು ಸೊಂಟದಿಂದ ಇಳಿದು ಮೊಣಕಾಲು ದಾಟಿ ಪಾದದವರೆಗೂ ಎಳೀತಿದ್ದರೆ, ಕಾಲು ಜೋಮು ಹಿಡೀತಿದ್ದರೆ ಮೊದಲು ಡಾಕ್ಟರಿಗೆ ತೋರಿಸಿ. ತೊಡೆ ಸಂದಿಯಲ್ಲಿ ಸ್ಪರ್ಶವೇ ಗೊತ್ತಾಗದಿದ್ದರೆ, ಮೂತ್ರದ ಹಿಡಿತ ತಪ್ಪಿದರೆ ಅವತ್ತೇ ಆಸ್ಪತ್ರೆಗೆ ಹೋಗಬೇಕು, ಬೆಳಗಾಗಲಿ ಅಂತ ಕಾಯಬಾರದು. ಒಂದೇ ಮೀನಖಂಡ ಊದಿ ಬಿಸಿಯಾಗಿ ನೋಯುತ್ತಿದ್ದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಅದನ್ನ ತಿಕ್ಕಿದರೆ ಹೆಪ್ಪು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋಗಿ ಪ್ರಾಣಕ್ಕೇ ಕುತ್ತು. ರಕ್ತ ತೆಳುವಾಗೋ ಮಾತ್ರೆ ತಗೊಳ್ಳೋರು, ಮೂಳೆ ಸವೆದ ವಯಸ್ಸಾದವರು, ಬಸುರಿಯರು, ಜ್ವರ ಇರೋರು, ಮರದಿಂದಲೋ ಬೈಕಿನಿಂದಲೋ ಈಗಷ್ಟೇ ಬಿದ್ದು ಪೆಟ್ಟಾದವರು ಬಲವಾಗಿ ಒತ್ತಿಸಿಕೊಳ್ಳಲೇಬಾರದು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆಯಾದವರಿಗೆ ಎಷ್ಟು ಒತ್ತಿದರು ಅಂತಲೇ ತಿಳಿಯೋದಿಲ್ಲ, ಅವರೂ ಬೇಡ.

ಬೆನ್ನ ಮೇಲೆ ಹತ್ತಿ ತುಳಿಸಿಕೊಳ್ಳೋದು, ಕತ್ತು ಲಟಕ್ ಅನ್ನಿಸೋದು ನನಗೆ ಒಂದಿಷ್ಟೂ ಒಪ್ಪಿಗೆ ಇಲ್ಲ. ಆನ್‌ಲೈನಿನಲ್ಲಿ ತರಿಸೋ ಮಸಾಜ್ ಗನ್ನು ತೊಡೆಗೆ, ಭುಜಕ್ಕೆ ಪರವಾಗಿಲ್ಲ. ಬೆನ್ನುಮೂಳೆ ಮೇಲೆ, ಕುತ್ತಿಗೆಯ ಮುಂಭಾಗದಲ್ಲಿ ಇಡಬೇಡಿ. ಯಾರೇ ಒತ್ತಲಿ, ಉಸಿರು ಬಿಗಿ ಹಿಡಿಯೋ ಹಾಗಾದರೆ ಬಾಯಿ ಬಿಟ್ಟು ಹೇಳಿ. ಹಲ್ಲು ಕಚ್ಚಿಕೊಂಡರೆ ಸ್ನಾಯು ಇನ್ನೂ ಬಿಗಿಯಾಗುತ್ತೆ ಅಷ್ಟೇ. ಮಾರನೇ ದಿನ ಮೈ ಕೈ ಸ್ವಲ್ಪ ನೋಯೋದು ಮಾಮೂಲಿ. ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಮಾತ್ರ ತಕ್ಷಣ ಡಾಕ್ಟರ ಹತ್ತಿರ ಓಡಿ. ಅತಿಯಾಗಿ ಜಜ್ಜಿದ ಸ್ನಾಯು ಕಿಡ್ನಿಗೆ ತೊಂದರೆ ಕೊಡಬಲ್ಲದು.

ಇನ್ನೊಂದು, ರೈತರಿಗೇ ಹೇಳಬೇಕಾದ ಮಾತು. ಔಷಧಿ ಹೊಡೆದು ಬಂದ ಮೈಗೆ ಹಾಗೇ ಎಣ್ಣೆ ತಿಕ್ಕಿಸಬೇಡಿ. ಚರ್ಮದ ಮೇಲಿರೋ ಕೀಟನಾಶಕ ಎಣ್ಣೆ ಜೊತೆ ಒಳಗಿಳಿಯೋಕೆ ನೀವೇ ದಾರಿ ಮಾಡಿಕೊಟ್ಟ ಹಾಗೆ. ಬಟ್ಟೆ ಬದಲಾಯಿಸಿ, ಸೋಪು ಹಾಕಿ ಚೆನ್ನಾಗಿ ಸ್ನಾನ ಮಾಡಿ, ಆಮೇಲೆ ಮಾಲೀಸಿನ ಮಾತು.

ಖರ್ಚಿನ ವಿಷಯದಲ್ಲೂ ನನ್ನದೊಂದು ತಕರಾರಿದೆ. ತಿಂಗಳಿಗೆರಡು ಸಲ ಮಾಲೀಸಿಗೆ ದುಡ್ಡು ಕೊಡೋರು ಕ್ಯಾನಿನ ಹರಿದ ಪಟ್ಟಿ ಬದಲಾಯಿಸೋದಿಲ್ಲ. ಅಗಲವಾದ ಮೆತ್ತನೆ ಭುಜದ ಪಟ್ಟಿ ಹಾಕಿಸಿ, ಸೊಂಟಕ್ಕೂ ಒಂದು ಬೆಲ್ಟ್ ಇರಲಿ. 16 ಲೀಟರ್ ಹಿಡಿಯುತ್ತೆ ಅಂತ 16 ತುಂಬಲೇಬೇಕಾಗಿಲ್ಲ. 10 ಲೀಟರ್ ತುಂಬಿ ಎರಡು ಸಲ ಜಾಸ್ತಿ ಓಡಾಡಿ, ಔಷಧಿ ಅಳತೆಯನ್ನೂ ಅದೇ ಲೆಕ್ಕದಲ್ಲಿ ಇಳಿಸಿಕೊಳ್ಳಿ.

ಮತ್ತೆ, ಮಾಲೀಸಿಗೆ ಅಂತ ಪೇಟೆಗೆ ಹೋಗೋರನ್ನ ನೋಡಿದರೆ ಎಲ್ಲಾ ಗಂಡಸರೇ. ನಾಟಿ ಮಾಡೋರು, ಕಳೆ ಕೀಳೋರು, ಹುಲ್ಲಿನ ಹೊರೆ ಹೊರೋರು ಹೆಚ್ಚಿನ ಕಡೆ ಹೆಂಗಸರು. ಅವರ ಸೊಂಟಕ್ಕೆ ಸಿಗೋದು ಒಂದು ನೋವಿನ ಮಾತ್ರೆ, ತಪ್ಪಿದರೆ ಅಮೃತಾಂಜನ. ಮೇಲೆ ಹೇಳಿದ “ಯಾರಿಗೆ ಒಳ್ಳೇದು” ಅನ್ನೋ ಲೆಕ್ಕಕ್ಕೆ ನಮ್ಮ ಅಮ್ಮ, ಅತ್ತಿಗೆ, ಹೆಂಡತಿಯರು ನಮಗಿಂತ ಮೊದಲು ಬರ್ತಾರೆ. ಹೊರಗಿನವರ ಕೈಲಿ ಮಾಲೀಸು ಮಾಡಿಸಿಕೊಳ್ಳೋಕೆ ಸಂಕೋಚ ಅಂದರೆ ಜಿಲ್ಲಾ ಆಸ್ಪತ್ರೆಯ ಫಿಸಿಯೋಥೆರಪಿ ವಿಭಾಗದಲ್ಲಿ ವಿಚಾರಿಸಿ. ಅಲ್ಲಿ ಮಹಿಳಾ ಫಿಸಿಯೋಥೆರಪಿಸ್ಟ್ ಯಾವ ದಿನ ಇರ್ತಾರೆ ಅಂತ ಕೇಳಿಕೊಂಡು ಕರ್ಕೊಂಡು ಹೋಗಿ, ಮನೇಲಿ ಮಾಡೋ ವ್ಯಾಯಾಮವನ್ನೂ ಹೇಳಿಸಿಕೊಂಡು ಬನ್ನಿ. ನಾಟಿ ಶುರುವಾಗೋದಕ್ಕೆ ಮುಂಚೆಯೇ ಹೋಗಿ. ಆಮೇಲೆ ಅವರಿಗೆ ಬಿಡುವು ಸಿಗೋದಿಲ್ಲ.